ಚಾಂಪಿಯನ್ ಹೊಡೆದ ಗಂಟೆ

ಊರಿನ ದೊಡ್ಡ ಬೂಟಿನ ಅಂಗಡಿಯ ಮಾಲೀಕನನ್ನು ಎಲ್ಲರೂ ಚಾಂಪಿಯನ್ ಎಂದೇ ಕರೆಯುತ್ತಾರೆ. ಹೆಂಡತಿ ಮಾತ್ರ ಕರೆಯುವುದಿಲ್ಲ. ಅವಳು ‘ರೀ’ ಎನ್ನುತ್ತಾಳೆ, ಅದೂ ಅಗತ್ಯ ಬಿದ್ದರೆ. ಅಂಗಡಿಯೊಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಗೋಂದು, ರಬ್ಬರಿನ ವಾಸನೆ ಬಡಿಯುತ್ತದೆ, ಆಮೇಲೆ ಕಣ್ಣಿಗೆ ಫೋಟೋ. ಗಲ್ಲಾದ ಹಿಂದಿನ ಗೋಡೆಯನ್ನು ಅರ್ಧ ನುಂಗಿದ ಫೋಟೋ. ಅದರಲ್ಲಿ ಹರೆಯದ ಚಾಂಪಿಯನ್ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು, ಎರಡೂ ಕೈ ಮೇಲೆತ್ತಿ, ಬಾಯಿ ತೆರೆದುಕೊಂಡಿದ್ದಾನೆ. ಹಿಂದೆ ಹತ್ತಾರು ದೇಶಗಳ ಹುಡುಗರು ಏದುಸಿರು ಬಿಡುತ್ತ ಬರುತ್ತಿದ್ದಾರೆ. ಅದು ಜೂನಿಯರ್ ಹುಡುಗರ ಅಂತರರಾಷ್ಟ್ರೀಯ ಕ್ರಾಸ್ ಕಂಟ್ರಿ ಓಟ. ಬೂಟು ಕೊಳ್ಳಲು ಬಂದವರು ಆ ಫೋಟೋದ ಕತೆ ಕೇಳದೆ ಹೊರಗೆ ಹೋದದ್ದಿಲ್ಲ. ಕೇಳುವ ಪುರುಸೊತ್ತಿಲ್ಲದವರು ಎದುರಿನ ಅಂಗಡಿಗೆ ಹೋಗುತ್ತಾರೆ.

ಫೋಟೋ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಕ್ರಾಸ್ ಕಂಟ್ರಿ ಎಂದರೆ ಗುಡ್ಡ, ಹುಲ್ಲು, ಕೆಸರು ಹಾದು ಹೋಗುವ ಒಂದೇ ದಾರಿಯಲ್ಲಿ ಸುತ್ತು ಸುತ್ತು ಓಡುವುದು. ಮುಂದಿರುವವನು ಕೊನೆಯ ಸುತ್ತಿಗೆ ಕಾಲಿಟ್ಟಾಗ ಗಂಟೆ ಹೊಡೆಯುತ್ತಾರೆ. ಈ ಮಹಾನುಭಾವ ಸುತ್ತಿನ ಲೆಕ್ಕ ತಪ್ಪಿ, ಇನ್ನೂ ಒಂದು ಸುತ್ತು ಬಾಕಿ ಇರುವಾಗಲೇ ಇದ್ದಬದ್ದ ಶಕ್ತಿಯನ್ನೆಲ್ಲ ಸುರಿದು, ಗೆರೆ ದಾಟಿ ಕೈ ಎತ್ತಿಬಿಟ್ಟ. ಕ್ಯಾಮರಾ ಕ್ಲಿಕ್ಕೆಂದಿತು. ಆಗ ಗಂಟೆ ಬಾರಿಸಿದರು, ಹಿಂದಿದ್ದವರೆಲ್ಲ ಇವನನ್ನು ಬಳಸಿಕೊಂಡು ಮುಂದೆ ಓಡಿದರು. ಇವನು ಹುಲ್ಲಿನ ಮೇಲೆ ಕೂತ. ಕೂತವನು ಏಳಲಿಲ್ಲ.

ಇದು ಊರಿನಲ್ಲಿ ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ಮದುವೆಯಾದ ಹೊಸತರಲ್ಲಿ ಅವನೇ ಹೇಳಿಕೊಂಡು ಚಿಕ್ಕ ಮಗುವಿನ ಹಾಗೆ ಅತ್ತಿದ್ದ. ಅವಳು ತಲೆ ಸವರಿ ಸಮಾಧಾನ ಮಾಡಿದ್ದಳು, ಆ ಹೊತ್ತು ಅವನ ಮೇಲೆ ಅವಳಿಗೆ ನಿಜವಾಗಿಯೂ ಪ್ರೀತಿ ಹುಟ್ಟಿತ್ತು. ಮಾರನೆಯ ದಿನ ಅಂಗಡಿಗೆ ಬಂದ ಮೊದಲ ಗಿರಾಕಿಗೆ ಅವನು, ಗೆದ್ದದ್ದು ದೊಡ್ಡದಲ್ಲ, ದೇಶದ ಮಾನ ಉಳಿಸಿದ್ದು ದೊಡ್ಡದು ಎಂದು ಕೊಚ್ಚಿಕೊಳ್ಳುತ್ತಿದ್ದುದನ್ನು ಏಣಿಯ ಮೇಲೆ ನಿಂತು ಡಬ್ಬ ಹುಡುಕುತ್ತಿದ್ದ ಅವಳು ಕೇಳಿಸಿಕೊಂಡಳು. ರಾತ್ರಿ ಅತ್ತವನ ಜೊತೆ ಅವಳು ಸುಖವಾಗಿ ಬಾಳಬಹುದಿತ್ತು. ಬೆಳಿಗ್ಗೆ ಎದ್ದವನ ಜೊತೆ ಅಂಗಡಿ ನಡೆಸಿದಳು, ಅಷ್ಟೆ.

ನಡೆಸಿದ್ದೂ ಅವಳೇ. ಏಣಿ ಹತ್ತುವುದು, ಅಳತೆ ನೋಡುವುದು, ಕಿತ್ತ ಅಟ್ಟೆ ಅಂಟಿಸುವುದು, ಸವೆದ ಬೂಟು ವಾಪಸು ತಂದವರ ಜೊತೆ ಜಗಳ ಕಾಯುವುದು ಎಲ್ಲ ಅವಳ ಪಾಲು. ಚಾಂಪಿಯನ್ನನ ಪಾಲಿಗೆ ಕುರ್ಚಿ. ಅದರಲ್ಲಿ ಕೂತು ಬಂದವರ ಕಾಲು ನೋಡಿ, ಇದು ಓಡುವ ಕಾಲಲ್ಲ ಎಂದು ತೀರ್ಪು ಕೊಡುತ್ತಿದ್ದ. ಬಗ್ಗಿ ಲೇಸು ಕಟ್ಟಿಕೊಳ್ಳಲು ಹೊಟ್ಟೆ ಬಿಡದೆ ತಾನು ಲೇಸಿಲ್ಲದ ಬೂಟು ಹಾಕುತ್ತಿದ್ದ.

ನಿಜವಾದ ಓಡುವ ಕಾಲು ಇದ್ದದ್ದು ಅವಳ ತಮ್ಮನ ಮಗನಿಗೆ. ತಮ್ಮನದು ಟೈರು ಪಂಚರಿನ ಗ್ಯಾರೇಜು. ಹುಡುಗ ಬೆಳಗಾಗುವ ಮೊದಲೇ ಎದ್ದು ಗುಡ್ಡ ಹತ್ತಿ ಇಳಿದು, ಆಮೇಲೆ ಅಪ್ಪನ ಜೊತೆ ಟೈರು ಬಿಚ್ಚಲು ಕೂರುತ್ತಿದ್ದ. ಈ ವರ್ಷ ಅದೇ ಜೂನಿಯರ್ ಓಟ ಇವರ ಊರಿನ ಗುಡ್ಡದಲ್ಲೇ ನಡೆಯುವುದೆಂದಾಯಿತು, ಹುಡುಗ ದೇಶದ ತಂಡಕ್ಕೂ ಆಯ್ಕೆಯಾದ. ಮೊದಲ ಹತ್ತರೊಳಗೆ ಬಂದರೆ ದೊಡ್ಡ ತರಬೇತಿ ಕೇಂದ್ರಕ್ಕೆ ಸೇರಿಸಿಕೊಳ್ಳುತ್ತಾರೆ. ಬರದಿದ್ದರೆ, ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ, ಜೀವಮಾನವಿಡೀ ಟೈರೇ ಗತಿ.

ಅವನಿಗೆ ಬೂಟು ಕೊಟ್ಟವಳು ಅತ್ತೆ. ಮಾವ ಕೊಟ್ಟದ್ದು ಉಪದೇಶ. "ಓಡೋನು ಲೆಕ್ಕ ಇಟ್ಕೋಬಾರ್ದು ಕಣೋ, ತಲೆ ಭಾರ ಆಗುತ್ತೆ. ಗಂಟೆ ಕಡೆ ಕಿವಿ ಇಟ್ಟಿರು. ಗಂಟೆ ಕೇಳಿಸ್ತಾ, ಜೀವ ಬಿಟ್ಟು ಓಡು." ಲೆಕ್ಕ ತಪ್ಪಿ ಕೆಟ್ಟವನು ಲೆಕ್ಕವೇ ಬೇಡವೆಂದು ಶಾಸ್ತ್ರ ಬರೆದಿದ್ದ. ಹುಡುಗ ಅದನ್ನು ನಂಬಿದ; ಹುಟ್ಟಿದಾಗಿನಿಂದ ಆ ಫೋಟೋ ನೋಡಿ ಬೆಳೆದವನು ಇನ್ನೇನು ಮಾಡಿಯಾನು?

ಫೋಟೋ ನಂಬಿದವರು ಇನ್ನೂ ಇದ್ದರು. ಓಟದ ಸಮಿತಿಯವರು ಅಂಗಡಿಗೆ ಬಂದು, ಗೋಡೆ ನೋಡಿ, ಕೊನೆಯ ಸುತ್ತಿನ ಗಂಟೆ ಹೊಡೆಯುವ ಗೌರವವನ್ನು ಚಾಂಪಿಯನ್ನನ ಕೊರಳಿಗೆ ಕಟ್ಟಿದರು. ಎಷ್ಟನೆಯವರಾಗಿ ಬಂದಿರಿ ಎಂದು ಒಬ್ಬನೂ ಕೇಳಲಿಲ್ಲ. ಕೇಳಿದ್ದರೆ ತಮಗೂ ಏನೂ ಗೊತ್ತಿಲ್ಲವೆಂಬುದು ಬಯಲಾಗುತ್ತಿತ್ತಲ್ಲ. ಚಾಂಪಿಯನ್ ಹೊಸ ಕೋಟು ಹೊಲಿಸಿಕೊಂಡ. ಗಂಟೆಯನ್ನು ಮನೆಗೇ ತಂದು, ತಿಕ್ಕಿ ತಿಕ್ಕಿ ಹೊಳಪು ಬರಿಸಿ, ಹೊತ್ತು ಗೊತ್ತಿಲ್ಲದೆ ಬಾರಿಸಿ ಅಕ್ಕಪಕ್ಕದವರ ತಲೆ ಚಿಟ್ಟು ಹಿಡಿಸಿದ.

ಓಟದ ಬೆಳಿಗ್ಗೆ ಹೆಂಡತಿ ಅವನೆದುರು ನಿಂತಳು. "ರೀ, ಒಂದೇ ಮಾತು. ಮೂರು ಸುತ್ತು ಮುಗಿದ್ಮೇಲೆ ಹೊಡೀಬೇಕು. ಬೇರೆ ಏನೂ ಮಾಡ್ಬೇಡಿ, ಸುಮ್ನೆ ಎಣಿಸ್ತಾ ನಿಂತ್ಕೊಳ್ಳಿ."

ಚಾಂಪಿಯನ್ ಕೋಟಿನ ಕಾಲರು ಸರಿಮಾಡಿಕೊಂಡು, ಓಟದ ವಿಷಯ ತನಗೇ ಹೇಳಿಕೊಡುವಷ್ಟು ದೊಡ್ಡವಳಾದೆಯಾ ಎಂದು ಕೇಳಿ ಹೊರಟುಹೋದ.

ಅವಳು ಗೆರೆಯ ಪಕ್ಕದ ಹಗ್ಗಕ್ಕೆ ಒರಗಿ ನಿಂತಳು. ನಾಲ್ಕು ಸುತ್ತಿನ ಓಟ. ಮೊದಲ ಸುತ್ತಿನಲ್ಲಿ ಹುಡುಗ ಗುಂಪಿನ ನಡುವೆ ಎಲ್ಲೋ ಇದ್ದ. ಎರಡನೆಯದು ಮುಗಿಯುವ ಹೊತ್ತಿಗೆ ಗುಡ್ಡದ ಇಳಿಜಾರಿನಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕಿ ಎಲ್ಲರಿಗಿಂತ ಮುಂದೆ ಬಂದ. ಆಚೆ ಗಂಟೆಯ ಬಳಿ ಚಾಂಪಿಯನ್ ಸಮಿತಿಯವರಿಗೆ ತನ್ನ ಓಟದ ಕತೆಯನ್ನು ಕೈಕಾಲು ಆಡಿಸಿ ಹೇಳುತ್ತಿದ್ದ. ಪತ್ರಿಕೆಯ ಫೋಟೋಗ್ರಾಫರ್ ಅವನ ಭುಜ ತಟ್ಟಿ ಹುಡುಗನನ್ನು ತೋರಿಸಿದ, ಗಂಟೆಯ ಹಗ್ಗ ಹಿಡಿದು ನಿಲ್ಲಿ, ಇಬ್ಬರೂ ಒಟ್ಟಿಗೆ ಫೋಟೋದಲ್ಲಿ ಬರುತ್ತೀರಿ ಎಂದ. ಫೋಟೋ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಚಾಂಪಿಯನ್ನನಿಗೆ ಸುತ್ತೇನು, ಲೆಕ್ಕವೇನು. ಹಗ್ಗ ಹಿಡಿದು ಎದೆ ಉಬ್ಬಿಸಿ, ಹಲ್ಲು ಬಿಟ್ಟು, ಢಣಢಣ ಬಾರಿಸಿಯೇಬಿಟ್ಟ.

ಮುಗಿದದ್ದು ಎರಡೇ ಸುತ್ತು. ಸುತ್ತಿನ ಬೋರ್ಡು ಹಿಡಿದವನು ಕಣ್ಣು ಕಣ್ಣು ಬಿಟ್ಟ. ಬೇರೆ ದೇಶದ ಹುಡುಗರು ಬೋರ್ಡು ನೋಡಿದರು, ತಮ್ಮ ಕೋಚುಗಳ ಕೂಗು ಕೇಳಿದರು, ಗಂಟೆಯನ್ನು ಕಿವಿಗೇ ಹಾಕಿಕೊಳ್ಳದೆ ತಮ್ಮ ಪಾಡಿಗೆ ಓಡಿದರು. ಮಾವನ ಶಿಷ್ಯ ಮಾತ್ರ ಜೀವ ಬಿಟ್ಟು ಓಡಿದ. ಇಡೀ ಸುತ್ತು ಹಾಗೆಯೇ ಓಡಿ, ಗೆರೆ ದಾಟಿ, ಎರಡೂ ಕೈ ಮೇಲೆತ್ತಿ ನಿಂತ.

ಹಿಂದಿದ್ದವರು ಅವನನ್ನು ಬಳಸಿಕೊಂಡು ಮುಂದೆ ಹೋದರು. ಅವಳು ಹಗ್ಗದ ಕೆಳಗೆ ನುಸುಳಿ ಓಡಿಹೋಗಿ ಅವನಿಗೆ ಕೇಳುವಷ್ಟು ಹತ್ತಿರ ನಿಂತಳು. "ಮುಗಿದಿಲ್ಲ ಕಣೋ. ಇನ್ನೊಂದು ಸುತ್ತಿದೆ, ಓಡು." ಹುಡುಗ ಎತ್ತಿದ ಕೈ ಇಳಿಸದೆ ಮಾವನ ಕಡೆ ನೋಡಿದ. ಮಾವ ಗಂಟೆಯ ಮೇಲಿನ ಧೂಳು ಒರೆಸುತ್ತಿದ್ದ. ಹುಡುಗ ಕೈ ಇಳಿಸಿದ, ಓಡಿದ. ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ಕೆಸರಿನಲ್ಲಿ ಮುಗ್ಗರಿಸಿ ಬಿದ್ದ, ಎದ್ದ, ಎಲ್ಲೋ ಐವತ್ತು ಜನರ ಹಿಂದೆ ಕುಂಟುತ್ತ ಬಂದು ಗೆರೆ ದಾಟಿದ. ಸಮಿತಿಯವರು ವಿಷಾದ ವ್ಯಕ್ತಪಡಿಸಿದರು. ವಿಷಾದ ಅವರ ಜೇಬಿನಲ್ಲಿ ಸದಾ ಸಿದ್ಧವಾಗಿರುತ್ತದೆ. ಫಲಿತಾಂಶ ಬದಲಾಗುವುದಿಲ್ಲ ಎಂದೂ ಸೇರಿಸಿದರು.

ಡೇರೆಯಲ್ಲಿ ಹುಡುಗ ಬೆಂಚಿನ ಮೇಲೆ ಬಿದ್ದುಕೊಂಡಿದ್ದ. ಅತ್ತೆ ಅವನ ಕಾಲ ಬಳಿ ಕೂತು ಕೆಸರಿನಲ್ಲಿ ಬಿಗಿದುಹೋಗಿದ್ದ ಲೇಸು ಬಿಡಿಸುತ್ತಿದ್ದಳು. ಚಾಂಪಿಯನ್ ಫೋಟೋಗ್ರಾಫರನನ್ನು ಎಳೆದುಕೊಂಡೇ ಒಳಗೆ ಬಂದ.

"ನೋಡೋ ಇಲ್ಲಿ, ಎಂಥಾ ಫೋಟೋ ಬಂದಿದೆ. ಎಲ್ಲರಿಗಿಂತ ಮುಂದೆ, ಎರಡೂ ಕೈ ಮೇಲೆ. ದೊಡ್ಡದು ಮಾಡಿಸೋಣ, ನನ್ನದರ ಪಕ್ಕದಲ್ಲೇ ಹಾಕೋಣ. ಯಾರು ಕೇಳ್ತಾರೆ?"

ಹುಡುಗ ಕ್ಯಾಮರಾವನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದ.

"ಮಾವ, ನಿಮ್ಮದೂ ಹೀಗೇನಾ?"

ಚಾಂಪಿಯನ್ ಹಲ್ಲು ಗಿಂಜಿ ಹೆಂಡತಿಯ ಕಡೆ ತಿರುಗಿದ. ಇಷ್ಟು ವರ್ಷ ಅವಳ ಮೌನವನ್ನು ತನ್ನ ಆಸ್ತಿಯೆಂದೇ ತಿಳಿದಿದ್ದವನು. ಅವಳು ತಲೆ ಎತ್ತಲಿಲ್ಲ, ಲೇಸಿನ ಗಂಟು ಬಿಡಿಸುತ್ತಲೇ ಹೇಳಿದಳು.

"ಹೀಗೇ. ಆದ್ರೆ ನೀನು ಮತ್ತೆ ಓಡಿ ಮುಗಿಸ್ದೆ. ಇವರು ಅಲ್ಲೇ ಕೂತ್ಕೊಂಡ್ರು. ಇನ್ನೂ ಎದ್ದಿಲ್ಲ."

ಚಾಂಪಿಯನ್ ಎರಡೂ ಕೈ ಮೇಲೆತ್ತಿ, ಏನೋ ಹೇಳಲು ಬಾಯಿ ತೆರೆದ. ಫೋಟೋಗ್ರಾಫರ್, ಅಭ್ಯಾಸಬಲದಿಂದ, ಕ್ಯಾಮರಾ ಇಸಿದುಕೊಂಡು ಕ್ಲಿಕ್ಕಿಸಿದ.