ಕಾರ್ಡು ನೋಡುವವನು
ಪರದೇಶದ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರು ಕೊಡುವವನಿಗೆ ಮನುಷ್ಯರ ಮುಖ ಕಾಣುವುದಿಲ್ಲ, ಕಾರ್ಡು ಮಾತ್ರ ಕಾಣುತ್ತದೆ. ಡೆಬಿಟ್ ಕಾರ್ಡು ಕೊಟ್ಟರೆ ಸತ್ತ ಇಲಿಯನ್ನು ಎತ್ತುವಂತೆ ಎರಡೇ ಬೆರಳಲ್ಲಿ ಎತ್ತಿ ವಾಪಸು ಕೊಡುತ್ತಾನೆ. "ಕ್ರೆಡಿಟ್ ಕಾರ್ಡೇ ಬೇಕು, ಓಡಿಸೋರ ಹೆಸರಲ್ಲೇ ಇರಬೇಕು" ಎಂದು ಗಿಳಿಪಾಠ ಒಪ್ಪಿಸುತ್ತಾನೆ. ಒಂದಕ್ಷರ ತಪ್ಪಿದರೂ ಹೆತ್ತ ತಾಯಿಗೂ ಕೀಲಿ ಕೊಡುವವನಲ್ಲ. ನನ್ನ ಮುಂದಿದ್ದ ಹೊಸ ಮದುಮಕ್ಕಳನ್ನೂ ಹಾಗೇ ಅಟ್ಟಿದ. ನಾನು ಕೊಟ್ಟ ಕಾರ್ಡು ನನ್ನ ಗಂಡನದು. "ಇದು ನಿಮ್ಮ ಯಜಮಾನರದು. ಅವರೇ ಬರಬೇಕಮ್ಮಾ" ಎಂದ. "ಅವರು ಬರೋ ಹಾಗಿದ್ರೆ ನಾನ್ಯಾಕಪ್ಪಾ ನಿನ್ನ ಮುಂದೆ ನಿಲ್ತಿದ್ದೆ? ಬಸ್ಸಿಲ್ಲದ ಊರಿನ ಆಸ್ಪತ್ರೇಲಿ ಹೆಣವಾಗಿ ಮಲಗಿದ್ದಾರೆ. ಅಲ್ಲಿಗೆ ಹೋಗೋಕೇ ಕಾರು" ಎಂದೆ. ಅವನು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. ನಿಯಮ ಮುರಿಯಲಿಲ್ಲ, ಮಹಾರಾಯ. ಕೌಂಟರು ಮುಚ್ಚಿ ಬಂದು, ತನ್ನ ಸ್ವಂತ ಕಾರಿನ ಬಾಗಿಲು ತೆರೆದ.