ಸೊಸೆಯರನ್ನಷ್ಟೇ ಎಣಿಸಿದ್ದೆ

ಮೊಮ್ಮಗಳು ಮೊನ್ನೆ ಮೈಸೂರಿನಿಂದ ಬಂದವಳೇ ನನ್ನ ಕೆನ್ನೆ ಹಿಡಿದಳು. ಅಂಗೈಯಲ್ಲಿ ಆಸ್ಪತ್ರೆಯ ಸೋಪಿನ ವಾಸನೆ. ನಮ್ಮ ಹುಡುಗಿ ಹೆರಿಗೆ ಡಾಕ್ಟರಿಕೆ ಓದುತ್ತಿದ್ದಾಳೆ ಕಣ್ರೀ! ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು. ಈ ಸುದ್ದಿಯನ್ನು ನಾಗಮಂಗಲದ ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿದ್ದೇನೆ, ನಿಮಗೆ ಹೇಳದೆ ಬಿಡುತ್ತೇನೆಯೇ?

ಜಗಲಿಯ ಮೇಲೆ ಲ್ಯಾಪ್‌ಟಾಪು ಬಿಚ್ಚಿ ಕೂತಳು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಮ್ಮ ನಾಗಮಂಗಲ, ಇಷ್ಟು ತಾಲ್ಲೂಕಿಗೆ ಇನ್ನು ಹದಿನೈದು ವರ್ಷಕ್ಕೆ ಎಷ್ಟು ಜನ ಹೆರಿಗೆ ಡಾಕ್ಟರು ಬೇಕಾದೀತು ಎಂದು ಅಂದಾಜು ಬರೆಯಬೇಕಂತೆ.

"ಇಲ್ಲಿ ವಾಸ ಇರೋ ಹೆಂಗಸ್ರ ಪಟ್ಟಿ ಐತಜ್ಜಿ. ಅದ್ರ ಮೇಲೆ ಲೆಕ್ಕ ಹಾಕಿದ್ರಾಯ್ತು."

ಆ ಲೆಕ್ಕ ನಾನೂ ಒಮ್ಮೆ ಹಾಕಿದ್ದೆ.

ಆಗ ನಾನು ಈ ಊರಿನ ಸೂಲಗಿತ್ತಿ. ನನ್ನ ಕೈಗುಣಕ್ಕೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೆ. ಊರಿಗೆ ಬರುತ್ತಿದ್ದ ನರ್ಸಮ್ಮ ಒಂದು ದಿನ ಕೇಳಿದರು: "ಬರೋ ವರ್ಷಕ್ಕೆ ನೀನೊಬ್ಳೇ ಸಾಕೇನಮ್ಮ? ಪಕ್ಕದ್ಮನೆ ಪುಟ್ಟಮ್ಮನ್ನೂ ಟ್ರೈನಿಂಗಿಗೆ ಕಳಿಸ್ಲಾ?"

ಆ ವರ್ಷ ಊರಿಗೆ ಬಂದ ಹೊಸ ಸೊಸೆಯರನ್ನು ಎಣಿಸಿದೆ. ಒಂದು ಕೈಯ ಬೆರಳೂ ಮುಗಿಯಲಿಲ್ಲ. "ಅಯ್ ಬುಡ್ರಮ್ಮ! ನಾಕು ಹೆರ್ಗೆಗೆ ಇಬ್ರಾ? ಅವ್ಳು ಬಂದು ಕಾಫಿ ಕಾಯಿಸ್ತಾಳಾ?" ಅಂದೆ. ತನ್ನ ಮನೆ ಬಾಗಿಲಲ್ಲಿ ಆಸೆಯಿಂದ ನಿಂತಿದ್ದ ಪುಟ್ಟಮ್ಮ ಒಳಗೆ ಹೋದಳು.

ಸೊಸೆಯರು ಚೊಚ್ಚಲಿಗೆ ಅವರವರ ತವರಿಗೆ ಹೋಗುತ್ತಾರೆ, ನಾವು ಕೊಟ್ಟ ಹೆಣ್ಣುಮಕ್ಕಳು ಇಲ್ಲಿಗೆ ಬರುತ್ತಾರೆ. ಸೂಲಗಿತ್ತಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಇನ್ನೊಬ್ಬಳು ಬರುವುದು ಬೇಕಿರಲಿಲ್ಲ ನೋಡಿ, ಅದಕ್ಕೇ ನೆನಪಾಗಲಿಲ್ಲ.

ಮರುವರ್ಷ ನಾವು ಕೊಟ್ಟ ಆ ಹೆಣ್ಣುಮಕ್ಕಳೆಲ್ಲ ಒಬ್ಬರ ಹಿಂದೊಬ್ಬರು ಬಸುರಿಯರಾಗಿ ಬಂದರು. ಒಂದು ಮಧ್ಯಾಹ್ನ ಎರಡು ಮನೆಯಲ್ಲಿ ಒಟ್ಟಿಗೇ ನೋವು. ನಾನು ಕೆಳಗಿನ ಬೀದಿಯಲ್ಲಿದ್ದೆ. ಇತ್ತ ಪಕ್ಕದ ಮನೆಗೆ ಹೆರಿಗೆಗೆ ಬಂದಿದ್ದ ಪುಟ್ಟಮ್ಮನ ನಾದಿನಿ ಜಯಮ್ಮ ನನಗಾಗಿ ಕಾದಳು. ಓಡಿ ಬರುವಷ್ಟರಲ್ಲಿ ಮಗು ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು, ಉಸಿರಿಲ್ಲದೆ ಹುಟ್ಟಿತ್ತು. ಪುಟ್ಟಮ್ಮ ಬೈಯಲಿಲ್ಲ. "ಏನ್ ಮಾಡ್ಬೇಕು ಅಂತ ಗೊತ್ತಾಗ್ನಿಲ್ಲ ಕಣಕ್ಕ," ಎಂದಳು, ಅಷ್ಟೇ.

ನನ್ನನ್ನು ನೋಡಿಯೇ ಡಾಕ್ಟರಾಗುವ ಆಸೆ ಹುಟ್ಟಿತು ಎನ್ನುವ ಮೊಮ್ಮಗಳಿಗೆ ಇದನ್ನು ಹೇಗೆ ಹೇಳಲಿ? ಇಷ್ಟು ವರ್ಷ ಹೇಳಿರಲಿಲ್ಲ. ಮೊನ್ನೆ ಹೇಳಿಬಿಟ್ಟೆ.

ಅವಳು ಬರೆದದ್ದನ್ನೆಲ್ಲ ಅಳಿಸಿದಳು. ಆಮೇಲೆ, "ಅಂಗಾದ್ರೆ ಈ ಊರಿಂದ ಹೊರಕ್ಕೆ ಕೊಟ್ಟಿರೋ ಹೆಣ್ಮಕ್ಳು ಎಷ್ಟು ಜನ, ಹೇಳಜ್ಜಿ," ಎಂದಳು.

"ನಂಗೊಬ್ಳಿಗೇ ಆಗಕಿಲ್ಲ ಕಣವ್ವ. ಪುಟ್ಟಮ್ಮನ್ನೂ ಕೂಗು."

ಪುಟ್ಟಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. ಬೀದಿಯ ತುದಿಯಿಂದ ಒಂದೊಂದೇ ಮನೆ ಹಿಡಿದು ಹೆಸರು ಹೇಳುತ್ತ ಹೋದಳು. ನಾನು ಮರೆತಿದ್ದವರೇ ಅದರಲ್ಲಿ ಹೆಚ್ಚು.