ಗಂಡನನ್ನು ಓಡಿಸುವ ಹೂವು

ಆರ್ಕಿಡ್ ಇಟ್ಟ ಮನೆಯಲ್ಲಿ ಗಂಡ ನಿಲ್ಲುವುದಿಲ್ಲ ಎಂದು ನಮ್ಮ ಬಿಷ್ಕೆಕ್‌ನ ಹೆಂಗಸರು ಹೇಳುತ್ತಾರೆ. ಹೇಳುತ್ತಲೇ ಪ್ರತಿ ಕಿಟಕಿಯಲ್ಲೂ ಒಂದನ್ನು ಇಟ್ಟುಕೊಂಡಿರುತ್ತಾರೆ, ಅದು ಬೇರೆ ಮಾತು. ಎದುರು ಮನೆಯ ಬಾತ್ಮಾ ಆ ಗಿಡ ತಂದ ದಿನ ನಾನೂ ಬಾಯಿ ಮುಚ್ಚಿಕೊಂಡಿರಲಿಲ್ಲ.

"ಏನೇ, ಕೆನೆಶ್‌ನ ಓಡಿಸೋಕೆ ತಂದ್ಯಾ?"

"ಎಲ್ಲಿಗೆ ಓಡ್ತಾನೆ ಎಜೆ? ಸೋಫಾದಿಂದ ಎದ್ರೆ ತಾನೆ ಓಡೋದು!"

ಎಜೆ ಎಂದರೆ ಅಕ್ಕ, ಅವಳು ನನ್ನನ್ನು ಕರೆಯುವುದೇ ಹಾಗೆ. ಹೇಳಿದಳೇ ಹೊರತು ನಗಲಿಲ್ಲ. ನಗುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಮದುವೆ ಹಾಲ್‌ನಲ್ಲಿ ನೆಲ ಒರೆಸುವ ಕೆಲಸ ಅವಳದು. ಹೂ ಉದುರಿತೆಂದು ಅಲ್ಲಿ ಯಾರೋ ಕಸಕ್ಕೆ ಎಸೆದ ಗಿಡವನ್ನು ಚಳಿ ತಾಗದಂತೆ ಕೋಟಿನೊಳಗೆ ಇಟ್ಟುಕೊಂಡು ತಂದಿದ್ದಳು.

ಕೆನೆಶ್ ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಬಂಗಾರದಂಥ ಗಂಡ ಎಂದು ಕಟ್ಟಡದವರೆಲ್ಲ ಹೊಗಳುತ್ತಿದ್ದರು. ಬಿದ್ದುಕೊಂಡೇ ಇರುವವನು ಇನ್ನೇನು ಮಾಡಿಯಾನು, ನನ್ನ ತಲೆ! ಟ್ಯಾಕ್ಸಿ ಮಾರಿದ ಮೇಲೆ, ಬಾತ್ಮಾಳ ತಾಯಿ ಮಗಳಿಗೆಂದು ಬಿಟ್ಟುಹೋದ ಆ ಮನೆಯಲ್ಲಿ, ಚಹಾ ಕುಡಿಯುವುದೇ ಅವನ ಉದ್ಯೋಗ. ನಮ್ಮಲ್ಲಿ ಬಟ್ಟಲು ತುಂಬ ಚಹಾ ಕೊಟ್ಟರೆ, ಕುಡಿದು ಎದ್ದು ನಡಿ ಎಂದರ್ಥ. ಮರ್ಯಾದೆಯವರಿಗೆ ತಳ ಮುಚ್ಚುವಷ್ಟೇ ಹಾಕಬೇಕು, ಮುಗಿದಂತೆ ಮತ್ತೆ ಮತ್ತೆ ಹಾಕಬೇಕು. ದಿನವಿಡೀ ನೆಲ ಒರೆಸಿ ಬಂದವಳು ಚಹಾದ ಕೆಟಲ್ ಹಿಡಿದು ಅವನ ಮುಂದೆ ಕೂರಬೇಕು. "ಹಾಕು" ಎನ್ನುವನು. ಹಾಕುವಳು.

ಅವಳು ತನಗೆಂದು ನಿಂತದ್ದನ್ನು ನಾನು ಕಂಡದ್ದು ಆ ಬಿಸಿಲು ಬೀಳುವ ಕಿಟಕಿಯ ಹತ್ತಿರ ಮಾತ್ರ. ಕಟ್ಟೆಯ ಕೆಳಗಿನ ಹೀಟರಿನ ಕಾವು ತಾಗದಂತೆ ರಟ್ಟು ಇಟ್ಟಿದ್ದಳು. ಮಧ್ಯಾಹ್ನದ ಬಿಸಿಲಿಗೆ ತೆಳು ಪರದೆ. ಪಾರದರ್ಶಕ ಕುಂಡದೊಳಗೆ ಬೇರು ಬಿಳಚಿಕೊಂಡರೆ ಬೇಸಿನ್ನಿನ ನೀರಿನಲ್ಲಿ ನೆನೆಸುವಳು, ಹಸಿರಾಗಿದ್ದರೆ ಮುಟ್ಟಳು. ಎರಡು ಚಳಿಗಾಲ ಬರೀ ಎಲೆ. ಮೂರನೆಯದರಲ್ಲಿ ಎಲೆಯ ಬುಡದಿಂದ ಹೂದಂಟು ಹೊರಟಿತು. ಅದನ್ನು ಕಬಾಬಿನ ಕಡ್ಡಿಗೆ ಉಣ್ಣೆ ದಾರದಿಂದ ಕಟ್ಟುತ್ತಾ ಹೇಳಿದಳು:

"ಇದೊಂದು ಅರಳಿಬಿಡ್ಲಿ ಎಜೆ. ನನ್ನ ಕೈಯಿಂದ ಒಂದಾದ್ರೂ ಆಯ್ತು ಅನ್ನಿಸ್ಬೇಕು. ಅಷ್ಟು ಸಾಕು ನಂಗೆ."

ಮಾರ್ಚ್ ಎಂಟು, ಹೆಂಗಸರ ಹಬ್ಬ. ಅವತ್ತು ಕೈಯಲ್ಲಿ ಹೂವಿಲ್ಲದೆ ಯಾವ ಗಂಡಸೂ ಮನೆಯಲ್ಲಿ ಮುಖ ತೋರಿಸುವಂತಿಲ್ಲ. ಬೆಳಿಗ್ಗೆ ಮೊದಲ ಮೊಗ್ಗು ಬಿರಿದದ್ದನ್ನು ನೋಡಿಯೇ ಬಾತ್ಮಾ ಕೆಲಸಕ್ಕೆ ಹೋಗಿದ್ದಳು. ಸಂಜೆ ಅವಳು ಬರುವ ಹೊತ್ತಿಗೆ ನಾನು ರೊಟ್ಟಿ ತೆಗೆದುಕೊಂಡು ಹೋದೆ. ಅವಳು ಕೋಟು ಬಿಚ್ಚುವ ಮೊದಲೇ ಕೆನೆಶ್ ಎದ್ದು ನಿಂತು, ಕಾಗದ ಸುತ್ತಿದ ಹೂವನ್ನು ಚಾಚಿದ.

"ತಗೋ, ನಿನ್ನ ಹಬ್ಬಕ್ಕೆ! ಅಂಗಡೀಲಿ ಬಾಯಿಗೆ ಬಂದ ರೇಟು ಹೇಳ್ತಾರೆ. ಮನೇಲೇ ಇರ್ಬೇಕಾದ್ರೆ ಯಾಕೆ ಅಂತ..."

ಒಂದು ಹೂವು, ಉಳಿದದ್ದೆಲ್ಲ ಅರಳದ ಮೊಗ್ಗು. ಕಿಟಕಿಯಲ್ಲಿ ಬರಿಯ ಕಡ್ಡಿ ನಿಂತಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಬಾತ್ಮಾ ಹೂವನ್ನು ಮೇಜಿನ ಮೇಲಿಟ್ಟು ಚಹಾ ಮಾಡಿ ತಂದಳು.

"ಹಾಕು" ಎಂದ ಕೆನೆಶ್.

ಹಾಕಿದಳು. ತಳ ಮುಚ್ಚಿತು, ನಿಲ್ಲಿಸಲಿಲ್ಲ. ಅರ್ಧವಾಯಿತು, ನಿಲ್ಲಿಸಲಿಲ್ಲ. ಅಂಚಿನವರೆಗೆ ತುಂಬಿಸಿ ಅವನ ಮುಂದೆ ಸರಿಸಿದಳು.

"ಏನೇ ಇದು?"

"ಕುಡಿ. ಕುಡಿದು ನಿಮ್ಮಣ್ಣನ ಮನೆಗೆ ಹೋಗು."

"ಒಂದು ಹೂವಿಗೋಸ್ಕರ?"

"ಸುಸ್ತಾಗಿದೆ ಕೆನೆಶ್. ಹೋಗು."

ದನಿ ಏರಲೂ ಇಲ್ಲ. ಅವನು ನನ್ನ ಮುಖ ನೋಡಿದ. ನಾನು ರೊಟ್ಟಿ ಮುರಿಯುತ್ತಾ ಕೂತೆ. ಚಹಾ ಮುಟ್ಟದೆ ಜಾಕೆಟ್ ಹಾಕಿಕೊಂಡು ಹೊರಟುಹೋದ.

ಬಾತ್ಮಾ ಕೋಟಿನಲ್ಲೇ ಸೋಫಾದ ಮೇಲೆ ಕುಸಿದು ಕೂತಳು.

"ಎಜೆ, ನಂಗೂ ಚಹಾ ಹಾಕ್ತೀಯಾ?"

ನಾನು ಬಟ್ಟಲಿನ ತಳ ಮುಚ್ಚುವಷ್ಟು ಹಾಕಿ ಕೊಟ್ಟು, ಕೆಟಲ್ ಹಿಡಿದು ಅವಳ ಪಕ್ಕದಲ್ಲೇ ಕೂತೆ.